ಮನೆ ಮೇಲೆ ಸೋಲಾರ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತಾ? ಬಿಲ್ ಹಿಡಿದು ಲೆಕ್ಕ ಹಾಕೋಣ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಲೆಕ್ಕಗಳು ಬೇಗ ಬೇಗ ಹೋಗಿಬಿಡ್ತವೆ, ಮತ್ತೆ ಮತ್ತೆ ನಿಲ್ಲಿಸಿ ನೋಡೋದು ಕಷ್ಟ. ಅದಕ್ಕೇ ಇಲ್ಲಿ ಅಂಕಿಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಓದುವಾಗ ನಿಮ್ಮ ಮನೆಯ ಹಿಂದಿನ 12 ತಿಂಗಳ ಕರೆಂಟ್ ಬಿಲ್ ಪಕ್ಕದಲ್ಲಿ ಇಟ್ಟುಕೊಂಡರೆ ತುಂಬಾ ಒಳ್ಳೇದು.

ಪುಣೆಯಲ್ಲಿ ಸ್ವಂತ ರೋ ಹೌಸ್ ಇರುವವರು, ಮುಂಬೈನಲ್ಲಿ ಸೊಸೈಟಿ ಕಮಿಟಿಯಲ್ಲಿ ಓಡಾಡುವವರು, ಚೆನ್ನೈ, ಹೈದರಾಬಾದಿನಲ್ಲಿ ಮನೆ ಕಟ್ಟಿಸಿಕೊಂಡವರು, ದೆಹಲಿಯಲ್ಲಿ ಬಿಲ್ಡರ್ ಫ್ಲೋರ್ ತಗೊಂಡವರು, ಎಲ್ಲರಿಗೂ ಈಗ ಇದೊಂದು ಪ್ರಶ್ನೆ ಇದೆ. ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಬೇಕಾ, ಬೇಡ್ವಾ? ಇದರ ಜೊತೆಗೆ ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ಪ್ರಶ್ನೆ. ಊರಲ್ಲಿ ಅಪ್ಪ ಅಮ್ಮ ಇರುವ ಮನೆಗೆ ಹಾಕಿಸಿ ಕೊಡೋಣ್ವಾ?

ಒಂದೂವರೆ ಎರಡು ಲಕ್ಷದ ಮಾತು ಇದು. ಒಂದು ಸಂಸಾರಕ್ಕೆ ಅದು ಸಣ್ಣ ದುಡ್ಡಲ್ಲ. ಹಾಗಾಗಿ ಚುಟುಕು ಉತ್ತರ ಮೊದಲೇ ಹೇಳಿಬಿಡ್ತೀನಿ. ಸೋಲಾರ್ ಲಾಭವಾಗುತ್ತಾ ಅನ್ನೋದನ್ನು ನಿಮ್ಮ ಊರಿನ ಬಿಸಿಲು ಅಷ್ಟಾಗಿ ತೀರ್ಮಾನ ಮಾಡಲ್ಲ. ಭಾರತದ ಬಹುಪಾಲು ಕಡೆ ಬಿಸಿಲು ಸಾಕಷ್ಟಿದೆ. ಅದನ್ನು ತೀರ್ಮಾನ ಮಾಡೋದು ಪ್ಯಾನೆಲ್ ಉಳಿಸಿಕೊಡುವ ಯೂನಿಟ್‌ಗೆ ನೀವು ಈಗ ಎಷ್ಟು ರೂಪಾಯಿ ಕೊಡ್ತಾ ಇದ್ದೀರಿ ಅನ್ನುವ ಒಂದೇ ಸಂಖ್ಯೆ. 10 ರೂಪಾಯಿ ಕೊಡುವವರಿಗೆ ಇದು ಒಳ್ಳೆಯ ವ್ಯವಹಾರ. 4 ರೂಪಾಯಿ ಕೊಡುವವರು ಯೋಚನೆ ಮಾಡಬೇಕು. ಬಿಲ್ಲೇ ಸೊನ್ನೆ ಬರುವ ಮನೆಗೆ ಹಾಕಿಸಿದರೆ ಉಳಿತಾಯವೂ ಸೊನ್ನೆ.

ಇನ್ನು ಲೆಕ್ಕಕ್ಕೆ ಬರೋಣ.

1 ಕಿಲೋವ್ಯಾಟ್ ಅಂದ್ರೆ ಎಷ್ಟು ಕರೆಂಟು?

ಸೋಲಾರ್‌ನವರು ಮಾತಾಡೋದು ಕಿಲೋವ್ಯಾಟ್‌ನಲ್ಲಿ, ಬಿಲ್ ಬರೋದು ಯೂನಿಟ್‌ನಲ್ಲಿ. ಎರಡರ ನಡುವೆ ಒಂದು ಸುಲಭ ಸೂತ್ರ ಇದೆ. ನಮ್ಮ ದೇಶದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಅಂದ್ರೆ ತಿಂಗಳಿಗೆ 120. ಹಾಗಾದರೆ 3 ಕಿಲೋವ್ಯಾಟ್‌ಗೆ ತಿಂಗಳಿಗೆ 360 ಯೂನಿಟ್.

ಸರಾಸರಿ ಅನ್ನೋದನ್ನು ಮರೀಬೇಡಿ. ಮುಂಬೈ, ಪುಣೆಯಲ್ಲಿ ಜುಲೈ ಆಗಸ್ಟ್ ತಿಂಗಳ ಮೋಡಕ್ಕೆ ಉತ್ಪಾದನೆ ಕುಸಿಯುತ್ತೆ. ಚೆನ್ನೈನಲ್ಲಿ ನವೆಂಬರ್ ಮಳೆಗೆ ಇಳಿಯುತ್ತೆ. ದೆಹಲಿಯಲ್ಲಿ ಡಿಸೆಂಬರ್ ಜನವರಿಯ ಮಂಜು, ಹೊಗೆ, ಸಣ್ಣ ಹಗಲು ಸೇರಿ ಕಡಿಮೆಯಾಗುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲ ಕಡೆ ಚೆನ್ನಾಗಿ ಬರುತ್ತೆ.

ಬಿಸಿಲು ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ ಅಂತ ಅಂದುಕೊಳ್ತೀವಿ. ಅದರಲ್ಲಿ ಅರ್ಧ ಮಾತ್ರ ನಿಜ. ಪ್ಯಾನೆಲ್‌ಗೆ ಬೇಕಿರೋದು ಬೆಳಕು, ಬಿಸಿ ಅಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷೆ ಮಾಡಿದ್ದು. ಮೇ ತಿಂಗಳ ಮಧ್ಯಾಹ್ನ ಟೆರೇಸ್ ಮೇಲಿನ ಪ್ಯಾನೆಲ್ 60 ಡಿಗ್ರಿ ದಾಟೋದು ಸಾಮಾನ್ಯ. ಒಂದೊಂದು ಡಿಗ್ರಿ ಏರಿದಂತೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತೆ. ಹಾಗಾಗಿ ಪ್ಯಾನೆಲ್ ಕೆಳಗೆ ಗಾಳಿ ಆಡುವ ಹಾಗೆ ಸ್ವಲ್ಪ ಎತ್ತರಕ್ಕೆ ಕೂರಿಸಬೇಕು.

ಜಾಗ ಎಷ್ಟು ಬೇಕು? 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಅಂತ ಇಟ್ಟುಕೊಳ್ಳಿ. ಹೊಸ ದೊಡ್ಡ ಪ್ಯಾನೆಲ್‌ಗಳಿಗೆ ಇನ್ನೂ ಕಡಿಮೆ ಸಾಕು, ಆದರೆ ತೊಳೆಯೋಕೆ, ಓಡಾಡೋಕೆ ದಾರಿ ಬಿಡಬೇಕಲ್ಲ. ಮುಖ ದಕ್ಷಿಣಕ್ಕೆ ಇರಬೇಕು. ಎಲ್ಲಕ್ಕಿಂತ ಮುಖ್ಯ, ನೆರಳು ಬೀಳಬಾರದು. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರ್ತಾರೆ. ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳಬಹುದು. ಪಕ್ಕದ ಸೈಟ್ ಖಾಲಿ ಇದ್ದರೆ ಅಲ್ಲಿ ನಾಳೆ ನಾಲ್ಕು ಮಹಡಿ ಏಳಬಹುದು ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ.

ಖರ್ಚು ಎಷ್ಟು, ಸಬ್ಸಿಡಿ ಎಷ್ಟು?

ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯ್ತು. 1 ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ಮೊತ್ತ, 2026-27ರ ಹಣಕಾಸು ವರ್ಷದವರೆಗೆ ಅವಧಿ. ಸಬ್ಸಿಡಿ ಹೀಗಿದೆ:

- ಮೊದಲ 2 ಕಿಲೋವ್ಯಾಟ್‌ವರೆಗೆ, ಪ್ರತಿ ಕಿಲೋವ್ಯಾಟ್‌ಗೆ 30,000 ರೂ.
- ಮೂರನೆಯ ಕಿಲೋವ್ಯಾಟ್‌ಗೆ 18,000 ರೂ.
- ಅದರ ಮೇಲೆ ಎಷ್ಟೇ ಹಾಕಿಸಿದರೂ ಹೆಚ್ಚಿಗೆ ಏನೂ ಇಲ್ಲ. ಒಟ್ಟು ಮಿತಿ 78,000 ರೂ.

3 ಕಿಲೋವ್ಯಾಟ್‌ಗೆ ಕೊಟೇಶನ್‌ಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲಕ್ಷದ ಆಸುಪಾಸಿನಲ್ಲಿ ಬರ್ತವೆ. ಕಬ್ಬಿಣದ ಸ್ಟ್ರಕ್ಚರ್ ಎತ್ತರ ಜಾಸ್ತಿ ಬೇಕು ಅಂದ್ರೆ ಮೇಲೆ ಹೋಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಇಟ್ಟುಕೊಂಡು ಕೂತಿದ್ದರೆ ಹೊಸದು ಕೇಳಿ.

ಸಬ್ಸಿಡಿ ಬಗ್ಗೆ ಮೂರು ಮಾತು. ಒಂದು, ಅದು ಬೆಲೆಯಲ್ಲಿ ಮೊದಲೇ ಕಳೆದು ಬರಲ್ಲ. ಪ್ಯಾನೆಲ್ ಕೂರಿಸಿ, ಮೀಟರ್ ಬದಲಾಗಿ, ಕರೆಂಟ್ ಕಂಪನಿಯವರು ಬಂದು ನೋಡಿ ಒಪ್ಪಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬೀಳುತ್ತೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. ಎರಡು, ಡಿಸಿಆರ್ ಅನ್ನುವ ಪ್ಯಾನೆಲ್‌ಗೆ, ಅಂದ್ರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾದ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ ಸಿಗುತ್ತೆ. ಡಿಸಿಆರ್ ಅಲ್ಲದ್ದು ಅಗ್ಗ. ಯಾರಾದರೂ ತೀರಾ ಕಡಿಮೆ ರೇಟ್ ಹೇಳಿದರೆ ಮೊದಲು ಇದನ್ನು ಕೇಳಿ, ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಮೂರು, ಮೀಟರ್ ಯಾರ ಹೆಸರಲ್ಲಿ ಇದೆಯೋ ಅವರ ಹೆಸರಲ್ಲೇ ಅರ್ಜಿ ಹೋಗಬೇಕು. ತೀರಿಕೊಂಡ ತಾತನ ಹೆಸರಲ್ಲಿ ಇನ್ನೂ ಬಿಲ್ ಬರ್ತಾ ಇದ್ದರೆ ಮೊದಲು ಹೆಸರು ಬದಲಾವಣೆ, ಆಮೇಲೆ ಸೋಲಾರ್.

ಸಾಲ ಬೇಕಾದರೆ ಸರ್ಕಾರಿ ಬ್ಯಾಂಕುಗಳು ಈ ಯೋಜನೆಯಲ್ಲಿ 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದೆ ಕೊಡ್ತವೆ. ಬಡ್ಡಿಯೂ ಪರ್ಸನಲ್ ಲೋನ್‌ಗಿಂತ ಬಹಳ ಕಡಿಮೆ.

ಮೀಟರ್ ಲೆಕ್ಕ ಹೇಗೆ?

ಹಗಲು ಪ್ಯಾನೆಲ್ ಕರೆಂಟ್ ತಯಾರು ಮಾಡುವಾಗ ಮನೆಯಲ್ಲಿ ಯಾರೂ ಇರಲ್ಲ. ರಾತ್ರಿ ಎಸಿ ಹಾಕುವಾಗ ಸೂರ್ಯ ಇರಲ್ಲ. ಹಾಗಾದರೆ ಉಪಯೋಗ ಹೇಗೆ? ಇಲ್ಲೇ ನೆಟ್ ಮೀಟರಿಂಗ್ ಬರೋದು. ಹಗಲು ಮಿಕ್ಕಿದ ಕರೆಂಟ್ ಕಂಬಕ್ಕೆ ಹೋಗುತ್ತೆ, ರಾತ್ರಿ ಬೇಕಾದ್ದು ಕಂಬದಿಂದ ಬರುತ್ತೆ. ಮೀಟರ್ ಎರಡನ್ನೂ ಬರೆದುಕೊಳ್ಳುತ್ತೆ. ತಗೊಂಡಿದ್ದರಲ್ಲಿ ಕೊಟ್ಟಿದ್ದನ್ನು ಕಳೆದು ಉಳಿದ ಯೂನಿಟ್‌ಗೆ ಬಿಲ್. ಈ ತಿಂಗಳು ಕೊಟ್ಟಿದ್ದೇ ಜಾಸ್ತಿಯಾದರೆ ಸಾಮಾನ್ಯವಾಗಿ ಅದು ಮುಂದಿನ ತಿಂಗಳಿಗೆ ಜಮೆ. ಹಣಕಾಸು ವರ್ಷದ ಕೊನೆಗೂ ಮಿಕ್ಕಿದ್ದರೆ ರಾಜ್ಯದ ಆಯೋಗ ನಿಗದಿ ಮಾಡಿದ ದರದಲ್ಲಿ ದುಡ್ಡು ಕೊಡ್ತಾರೆ, ಮತ್ತು ಆ ದರ ನೀವು ಮೇಲಿನ ಸ್ಲ್ಯಾಬ್‌ನಲ್ಲಿ ಕಟ್ಟುವುದಕ್ಕಿಂತ ಕಡಿಮೆಯೇ ಇರುತ್ತೆ. ಆದ್ದರಿಂದ "ಜಾಸ್ತಿ ಹಾಕಿಸಿ ಸರ್, ಮಿಕ್ಕಿದ್ದು ಮಾರಿ ದುಡ್ಡು ಮಾಡಿ" ಅನ್ನುವ ಮಾತಿಗೆ ಮರುಳಾಗಬೇಡಿ.

ಇನ್ನೊಂದು ವಿಷಯ. ಯೂನಿಟ್ ಸೊನ್ನೆಯಾದರೂ ಫಿಕ್ಸೆಡ್ ಚಾರ್ಜ್ ಸೊನ್ನೆ ಆಗಲ್ಲ. "ಬಿಲ್ ಜೀರೋ" ಅನ್ನುವ ಜಾಹೀರಾತಿನಲ್ಲಿ ಇದನ್ನು ಹೇಳೋದೇ ಇಲ್ಲ.

ಅಸಲಿ ಲೆಕ್ಕ: ಒಂದೊಂದು ಕಿಲೋವ್ಯಾಟ್‌ಗೂ ಬೇರೆ ಬೇರೆ ಲಾಭ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಬಿಲ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಮೊದಲ ಯೂನಿಟ್‌ಗಳು ಅಗ್ಗ, ಮೇಲೆ ಹೋದ ಹಾಗೆ ದುಬಾರಿ. ಸೋಲಾರ್ ಹಾಕಿಸಿದಾಗ ಮೊದಲು ಕಡಿಮೆಯಾಗೋದು ಮೇಲಿನ, ದುಬಾರಿ ಯೂನಿಟ್‌ಗಳು.

ಲೆಕ್ಕಕ್ಕೆ ಅಂತ ಒಂದು ದರಪಟ್ಟಿ ಕಲ್ಪಿಸಿಕೊಳ್ಳೋಣ. ಇದು ಯಾವ ರಾಜ್ಯದ್ದೂ ಅಲ್ಲ, ನಿಮ್ಮ ಬಿಲ್‌ನ ದರ ಹಾಕಿಕೊಂಡು ನೀವೇ ಮಾಡಬಹುದು. ತಿಂಗಳಿಗೆ ಮೊದಲ 100 ಯೂನಿಟ್‌ಗೆ 4 ರೂ., 101ರಿಂದ 300ಕ್ಕೆ 8 ರೂ., 300ರ ಮೇಲೆ 12 ರೂ. ಮನೆಯ ಬಳಕೆ ತಿಂಗಳಿಗೆ 400 ಯೂನಿಟ್. ಕಿಲೋವ್ಯಾಟ್‌ಗೆ ಖರ್ಚು 60,000 ರೂ.

ಮೊದಲ ಕಿಲೋವ್ಯಾಟ್: 120 ಯೂನಿಟ್ ಕಡಿಮೆ. ಅದರಲ್ಲಿ 100 ಯೂನಿಟ್ 12 ರೂಪಾಯಿಯವು, 20 ಯೂನಿಟ್ 8 ರೂಪಾಯಿಯವು. ತಿಂಗಳಿಗೆ ಉಳಿತಾಯ 1,360 ರೂ. ಸಬ್ಸಿಡಿ ಕಳೆದು ಖರ್ಚು 30,000. ಸುಮಾರು 22 ತಿಂಗಳಲ್ಲಿ ದುಡ್ಡು ವಾಪಸ್.

ಎರಡನೆಯದು: 120 ಯೂನಿಟ್ ಪೂರ್ತಿ 8 ರೂಪಾಯಿಯವು. ಉಳಿತಾಯ 960 ರೂ. ಖರ್ಚು 30,000. ಸುಮಾರು 31 ತಿಂಗಳು.

ಮೂರನೆಯದು: 60 ಯೂನಿಟ್ 8 ರೂಪಾಯಿಯವು, 60 ಯೂನಿಟ್ 4 ರೂಪಾಯಿಯವು. ಉಳಿತಾಯ 720 ರೂ. ಸಬ್ಸಿಡಿ 18,000 ಮಾತ್ರ, ಖರ್ಚು 42,000. ಸುಮಾರು 58 ತಿಂಗಳು.

ನಾಲ್ಕನೆಯದು: ಬಿಲ್‌ನಲ್ಲಿ ಉಳಿದಿರೋದೇ 40 ಯೂನಿಟ್, ಅದೂ 4 ರೂಪಾಯಿಯದು. 160 ರೂ. ಉಳಿತಾಯ. ಮಿಕ್ಕ 80 ಯೂನಿಟ್‌ಗೆ 3 ರೂಪಾಯಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, 240 ರೂ. ಒಟ್ಟು 400. ಸಬ್ಸಿಡಿ ಇಲ್ಲ, ಖರ್ಚು ಪೂರ್ತಿ 60,000. 150 ತಿಂಗಳು, ಅಂದ್ರೆ ಹನ್ನೆರಡೂವರೆ ವರ್ಷ.

ನೋಡಿ, ಒಂದೇ ಮನೆ, ಒಂದೇ ಟೆರೇಸ್, ಒಂದೇ ಬಿಸಿಲು. ಮೊದಲ ಪ್ಯಾನೆಲ್‌ಗಳ ದುಡ್ಡು ಎರಡು ವರ್ಷದೊಳಗೆ ಬಂತು, ಕೊನೆಯದಕ್ಕೆ ಹನ್ನೆರಡು ವರ್ಷ ಬೇಕು. ಈ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ ಸಬ್ಸಿಡಿ ಕಳೆದು ಖರ್ಚು 1,02,000, ತಿಂಗಳ ಉಳಿತಾಯ 3,040 ರೂ., ಮೂರು ವರ್ಷದೊಳಗೆ ಅಸಲು ಬಂದ ಹಾಗೆ. ವೆಂಡರ್ ಬಂದು ಟೆರೇಸ್ ಅಳೆದು "ಜಾಗ ಇದೆ ಸರ್, 5 ಹಾಕಿಸಿಬಿಡಿ" ಅಂದರೆ ಏನು ಹೇಳಬೇಕು ಅಂತ ಈಗ ಗೊತ್ತಾಯ್ತಲ್ಲ. ಸೈಜ್ ಅಳೆಯಬೇಕಾದ್ದು ಬಿಲ್‌ನಿಂದ.

ನಿಜ ಜೀವನದಲ್ಲಿ ಈ ಲೆಕ್ಕ ಇಷ್ಟು ನುಣುಪಾಗಿ ಇರಲ್ಲ. ಚಿಕ್ಕ ಸಿಸ್ಟಮ್‌ಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೆಲೆ ಜಾಸ್ತಿ ಬೀಳುತ್ತೆ. ಪ್ಯಾನೆಲ್ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮುದಿಯಾಗುತ್ತೆ. 25 ವರ್ಷದ ಕೊನೆಗೂ ಶೇ. 80ರಷ್ಟು ಉತ್ಪಾದನೆ ಇರಬೇಕು ಅನ್ನೋದು ಸಾಮಾನ್ಯ ವಾರಂಟಿ. ಇನ್‌ವರ್ಟರ್ ಅಷ್ಟು ಬಾಳಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತೆ. ಅದಕ್ಕೊಂದು 30 ಸಾವಿರ ಎತ್ತಿಡಿ. ಇನ್ನು "ಅದೇ ದುಡ್ಡು ಎಫ್‌ಡಿಯಲ್ಲಿ ಇಟ್ಟರೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 1 ಲಕ್ಷಕ್ಕೆ ಶೇ. 7ರಂತೆ ವರ್ಷಕ್ಕೆ 7,000 ಬಡ್ಡಿ, ಅಸಲು ಹಾಗೇ ಇರುತ್ತೆ. ಸೋಲಾರ್‌ನಲ್ಲಿ ಅಸಲು ಪ್ಯಾನೆಲ್ ಆಗಿ ಕೂತಿರುತ್ತೆ, ಉಳಿತಾಯದ ರೂಪದಲ್ಲೇ ಅದು ವಾಪಸ್ ಬರಬೇಕು. ಹಾಗಾಗಿ ನನ್ನ ಅಳತೆಗೋಲು ಹೀಗೆ: 5 ವರ್ಷದೊಳಗೆ ಅಸಲು ಬಂದರೆ ಹಾಕಿಸಿ. 5ರಿಂದ 8 ವರ್ಷ ಅಂದರೆ ಆ ಮನೆಯಲ್ಲೇ ಇರ್ತೀರಾ ಅಂತ ಯೋಚಿಸಿ. 8 ದಾಟಿದರೆ ಸದ್ಯಕ್ಕೆ ಬಿಡಿ. ಯಾಕಂದ್ರೆ ಅಷ್ಟು ವರ್ಷದಲ್ಲಿ ದರ, ನಿಯಮ ಎರಡೂ ಬದಲಾಗ್ತವೆ.

ನಿಮ್ಮ ಊರಲ್ಲಿ ಹೇಗೆ?

ದೆಹಲಿ: ಇಲ್ಲಿ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 201ರಿಂದ 400ರವರೆಗೆ ಅರ್ಧ ಸಬ್ಸಿಡಿ, 800 ರೂ. ಮಿತಿ. 400 ದಾಟಿದರೆ ಪೂರ್ತಿ ಬಿಲ್. ಅಂದ್ರೆ ಮೆಟ್ಟಿಲಲ್ಲ, ಪ್ರಪಾತ! ಬೇಸಿಗೆಯಲ್ಲಿ 450, 500 ಯೂನಿಟ್ ಸುಡುವ ಮನೆಯ ನೆಟ್ ಯೂನಿಟ್ ಆ ಗೆರೆಗಿಂತ ಕೆಳಗೆ ಇಳಿದರೆ ಲಾಭ ಎರಡು ಕಡೆಯಿಂದ ಬರುತ್ತೆ. ರಾಜ್ಯ ಸರ್ಕಾರ ಕೇಂದ್ರದ ಸಬ್ಸಿಡಿ ಮೇಲೆ ಇನ್ನೂ 30,000 ಸೇರಿಸುವುದರಿಂದ 3 ಕಿಲೋವ್ಯಾಟ್‌ಗೆ ಒಟ್ಟು 1,08,000 ರೂ. ಆಗುತ್ತೆ. ಜೊತೆಗೆ ದೆಹಲಿಯ ಸೋಲಾರ್ ನೀತಿಯಲ್ಲಿ ನೀವು ತಯಾರಿಸುವ ಪ್ರತಿ ಯೂನಿಟ್‌ಗೆ, 3 ಕಿಲೋವ್ಯಾಟ್‌ವರೆಗಿನ ಸಿಸ್ಟಮ್‌ಗೆ 3 ರೂ., 10ರವರೆಗೆ 2 ರೂ. ಐದು ವರ್ಷ ಕೊಡುವ ಏರ್ಪಾಟಿದೆ. ಅದೇ ವರ್ಷಪೂರ್ತಿ 200ರೊಳಗೆ ಇರುವ ಚಿಕ್ಕ ಸಂಸಾರಕ್ಕೆ ಬಿಲ್‌ನಲ್ಲಿ ಉಳಿಸೋಕೆ ಏನೂ ಇಲ್ಲ. ಇನ್ನೊಂದು ಸೂಕ್ಷ್ಮ: ಹಣಕಾಸು ವರ್ಷ ಶುರುವಾಗೋದೇ ಏಪ್ರಿಲ್‌ನಲ್ಲಿ. ಎಸಿ ತಿಂಗಳುಗಳು ಮೊದಲು, ಚಳಿಗಾಲದ ಮಿಗತೆ ಕೊನೆಗೆ. ಆ ಮಿಗತೆಯನ್ನು ಮುಂದಿನ ಬೇಸಿಗೆಗೆ ಒಯ್ಯೋಕೆ ಆಗಲ್ಲ, ಮಾರ್ಚ್‌ನಲ್ಲಿ ಕಡಿಮೆ ದರಕ್ಕೆ ಲೆಕ್ಕ ಮುಗಿಯುತ್ತೆ. ಹಾಗಾಗಿ ದೆಹಲಿಯಲ್ಲಿ ದೊಡ್ಡ ಸಿಸ್ಟಮ್ ಹಾಕಿಸುವಾಗ ಹುಷಾರು.

ಚೆನ್ನೈ: ಬಿಲ್ ಎರಡು ತಿಂಗಳಿಗೊಮ್ಮೆ, ಮೊದಲ 100 ಯೂನಿಟ್ ಎಲ್ಲರಿಗೂ ಉಚಿತ. 500 ದಾಟಿದ ಮೇಲೆ ದರ ಸರಸರನೆ ಏರುತ್ತೆ. ಆ ಉಚಿತ 100 ಯೂನಿಟ್ಟನ್ನೂ ಸೋಲಾರ್‌ನಿಂದ ತುಂಬಿಸೋಕೆ ಹೋದರೆ ಆ ಪ್ಯಾನೆಲ್ ದುಡ್ಡು ದಂಡ. ಕರಾವಳಿಯ ಉಪ್ಪು ಗಾಳಿಗೆ ಸ್ಟ್ರಕ್ಚರ್ ತುಕ್ಕು ಹಿಡಿಯುತ್ತೆ, ಆದ್ದರಿಂದ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದೇ ಬೇಕು. 2016ರ ಡಿಸೆಂಬರ್‌ನ ವರ್ದಾ ಚಂಡಮಾರುತ ನೋಡಿದವರಿಗೆ ಗಾಳಿಯ ಬಗ್ಗೆ ನಾನು ಹೇಳಬೇಕಿಲ್ಲ. ಬೋಲ್ಟ್, ಕಾಂಕ್ರೀಟ್ ಬುಡ ಗಟ್ಟಿ ಇರಲಿ.

ಮುಂಬೈ, ಪುಣೆ: ಮುಂಬೈನಲ್ಲಿ ನಿಮಗೆ ಕರೆಂಟ್ ಕೊಡೋದು ಬೆಸ್ಟ್, ಅದಾನಿ, ಟಾಟಾ ಅಥವಾ ಮಹಾವಿತರಣ, ಪುಣೆಯಲ್ಲಿ ಮಹಾವಿತರಣ. ಮೇಲಿನ ಸ್ಲ್ಯಾಬ್ ದುಬಾರಿ ಇರುವುದರಿಂದ 300 ಯೂನಿಟ್ ದಾಟುವ ಸ್ವಂತ ಮನೆಗೆ ಲೆಕ್ಕ ಚೆನ್ನಾಗೇ ಕೂರುತ್ತೆ. ಆದರೆ ಇಲ್ಲೊಂದು ಬದಲಾವಣೆ ಗಮನಿಸಿ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಹಗಲು 9ರಿಂದ ಸಂಜೆ 5ರವರೆಗಿನ ಬಳಕೆಗೆ ರಿಯಾಯಿತಿ ಬಂದಿದೆ. ಹಗಲಿನ ಕರೆಂಟ್ ಅಗ್ಗ, ರಾತ್ರಿಯದು ದುಬಾರಿ ಅನ್ನುವ ಕಡೆಗೇ ದೇಶ ಹೋಗ್ತಾ ಇದೆ. ಮುಂದೊಂದು ದಿನ ಹಗಲಿನ ಯೂನಿಟ್‌ಗೆ ಹಗಲಿನ ಬೆಲೆಯಷ್ಟೇ ಕೊಡ್ತೀವಿ ಅಂದರೆ ಸೋಲಾರ್ ಲಾಭ ಇಳಿಯುತ್ತೆ. ಅಸಲು ಬೇಗ ಬರುವ ಹಾಗೆ ಚಿಕ್ಕದಾಗಿ ಹಾಕಿಸಿ ಅಂತ ನಾನು ಹೇಳೋಕೆ ಇದೂ ಒಂದು ಕಾರಣ.

ಹೈದರಾಬಾದ್: ರೇಷನ್ ಕಾರ್ಡ್ ಇರುವ ಅರ್ಹ ಮನೆಗಳಿಗೆ ಗೃಹ ಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಇದೆ. ಅದಕ್ಕೆ ಸೇರದ, ಎರಡು ಮೂರು ಎಸಿ ಇರುವ ಸ್ವಂತ ಮನೆಗಳಿಗೆ ಮೇಲಿನ ಸ್ಲ್ಯಾಬ್‌ನ ಬಿಸಿ ಚೆನ್ನಾಗಿ ತಾಗುತ್ತೆ. ಅಂಥವರಿಗೆ ಇದು ಒಳ್ಳೆಯ ವ್ಯವಹಾರ.

ಊರಿನ ಮನೆಗೆ ಹಾಕಿಸಿ ಕೊಡೋಣ್ವಾ?

ಮಗ ಮಗಳು ದೂರದಲ್ಲಿ ಇದ್ದೀವಿ, ಅಪ್ಪ ಅಮ್ಮನಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ನಮಗೆಲ್ಲ ಇದ್ದದ್ದೇ. ಆದರೆ ಕರ್ನಾಟಕದಲ್ಲಿ 2023ರಿಂದ ಗೃಹ ಜ್ಯೋತಿ ಇದೆ. ಆ ಮನೆಯ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚು, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಇಬ್ಬರೇ ಹಿರಿಯರು ಇರುವ ಮನೆಯಲ್ಲಿ ತಿಂಗಳಿಗೆ 60, 80 ಯೂನಿಟ್ ಸುಟ್ಟರೆ ಹೆಚ್ಚು. ಅವರ ಬಿಲ್ ಈಗಾಗಲೇ ಸೊನ್ನೆ. ಅಲ್ಲಿ 1 ಲಕ್ಷ ಹಾಕಿ ಸೋಲಾರ್ ಕೂರಿಸಿದರೆ ಅವರಿಗೆ ಉಳಿಯೋದು ಏನು? ಜೊತೆಗೆ ಪ್ಯಾನೆಲ್ ತೊಳೆಯೋಕೆ 70 ದಾಟಿದ ಅಪ್ಪ ಏಣಿ ಹತ್ತಬೇಕಾಗುತ್ತೆ.

ಅವರನ್ನೇ ಕೇಳಿ ನೋಡಿ. ತೊಂದರೆ ಬಿಲ್ ಅಲ್ಲ, ಕರೆಂಟ್ ಹೋಗೋದು ಅಂತ ಹೇಳಿಯಾರು. ಹಾಗಿದ್ದರೆ ಅವರಿಗೆ ಬೇಕಿರೋದು ಒಂದು ಒಳ್ಳೆ ಯುಪಿಎಸ್, ಹೊಸ ಬ್ಯಾಟರಿ. ಬೆಳಗ್ಗೆ ಬಿಸಿನೀರಿಗೆ ಕಷ್ಟ ಅಂದರೆ ಸೋಲಾರ್ ವಾಟರ್ ಹೀಟರ್. ಎರಡೂ ಸೇರಿದರೂ ಖರ್ಚು ಪ್ಯಾನೆಲ್‌ಗಿಂತ ಕಡಿಮೆ, ಅವರಿಗೆ ದಿನಾ ಉಪಯೋಗಕ್ಕೆ ಬರುವಂಥದ್ದು. ಊರಲ್ಲಿ ದೊಡ್ಡ ಮನೆ, ಒಟ್ಟು ಕುಟುಂಬ, ತಿಂಗಳಿಗೆ 300 ಯೂನಿಟ್ ಬಿಲ್ ಬರುತ್ತೆ ಅಂದರೆ ಲೆಕ್ಕ ಬೇರೆ. ಆಗ ಮೇಲಿನ ಸೂತ್ರ ಹಾಕಿ ನೋಡಿ.

ಕರೆಂಟ್ ಹೋದಾಗ ಸೋಲಾರ್ ಇರುತ್ತಾ?

ಇರಲ್ಲ! ತುಂಬಾ ಜನಕ್ಕೆ ಇದು ಹಾಕಿಸಿದ ಮೇಲೆ ಗೊತ್ತಾಗುತ್ತೆ, ಹಾಗಾಗಿ ಒತ್ತಿ ಹೇಳ್ತಾ ಇದ್ದೀನಿ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್ ಗ್ರಿಡ್ ಇನ್‌ವರ್ಟರ್, ಕಂಬದಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಂತುಬಿಡುತ್ತೆ. ಮಧ್ಯಾಹ್ನ 12ರ ಬಿಸಿಲಿದ್ದರೂ ಅಷ್ಟೇ. ಕಾರಣ ಸರಳ. ಲೈನ್ ರಿಪೇರಿಗೆ ಕಂಬ ಹತ್ತಿರುವ ಲೈನ್‌ಮ್ಯಾನ್ ಕರೆಂಟ್ ಇಲ್ಲ ಅಂತ ನಂಬಿ ತಂತಿ ಮುಟ್ಟಿರ್ತಾನೆ. ನಿಮ್ಮ ಮನೆಯಿಂದ ಅದೇ ತಂತಿಗೆ ಕರೆಂಟ್ ಹರಿದರೆ ಅವನ ಪ್ರಾಣ ಹೋಗುತ್ತೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್‌ವರ್ಟರ್, ಬ್ಯಾಟರಿ ಬೇಕು, ಖರ್ಚು ಸಿಕ್ಕಾಪಟ್ಟೆ ಏರುತ್ತೆ, ಅಸಲು ಬರುವ ಕಾಲವೂ ಹಿಂದೆ ಸರಿಯುತ್ತೆ. ಮನೆಯಲ್ಲಿ ಈಗಿರುವ ಯುಪಿಎಸ್ ಹಾಗೇ ಇರಲಿ, ಅದರ ಕೆಲಸ ಅದು ಮಾಡಿಕೊಳ್ಳುತ್ತೆ.

ಫ್ಲ್ಯಾಟ್‌ನಲ್ಲಿ ಇರುವವರು ಏನು ಮಾಡೋದು?

ನಮ್ಮಲ್ಲಿ ಹೆಚ್ಚಿನವರು ಫ್ಲ್ಯಾಟ್‌ನವರೇ. ಟೆರೇಸ್ ನಿಮ್ಮೊಬ್ಬರದಲ್ಲ. ಆದರೆ ಸೊಸೈಟಿಯ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪ, ಪಾರ್ಕಿಂಗ್‌ನ ಇ.ವಿ. ಚಾರ್ಜಿಂಗ್‌ಗೆ ಒಂದು ಸಾಮಾನ್ಯ ಮೀಟರ್ ಇರುತ್ತಲ್ಲ, ಅದಕ್ಕೆ ಸೋಲಾರ್ ಹಾಕಿಸಬಹುದು. ಪಿಎಂ ಸೂರ್ಯ ಘರ್‌ನಲ್ಲೇ ಸೊಸೈಟಿಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂ. ಸಬ್ಸಿಡಿ ಇದೆ.

30 ಫ್ಲ್ಯಾಟ್‌ನ ಕಟ್ಟಡ, 20 ಕಿಲೋವ್ಯಾಟ್, ಕಿಲೋವ್ಯಾಟ್‌ಗೆ 50,000 ಅಂದುಕೊಳ್ಳಿ. 10 ಲಕ್ಷದಲ್ಲಿ 3.6 ಲಕ್ಷ ಸಬ್ಸಿಡಿ ಹೋಗಿ 6.4 ಲಕ್ಷ. ಮನೆಗೆ ಸುಮಾರು 21,000. ತಿಂಗಳಿಗೆ 2,400 ಯೂನಿಟ್ ಬರುತ್ತೆ, ಸಾಮಾನ್ಯ ಮೀಟರ್‌ನ ದರ 9 ರೂ. ಇದ್ದರೆ 21,600 ರೂ. ಉಳಿತಾಯ. ಎರಡೂವರೆ ವರ್ಷದಲ್ಲಿ ಅಸಲು. ಸಾಮಾನ್ಯ ಮೀಟರ್‌ನ ಬಳಕೆ ನಿಜವಾಗಿ ಅಷ್ಟು ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಚಿಕ್ಕದು ಹಾಕಿಸಿ. ದೆಹಲಿಯಲ್ಲಿ ವರ್ಚುವಲ್ ನೆಟ್ ಮೀಟರಿಂಗ್ ಅನ್ನುವ ವ್ಯವಸ್ಥೆಯೂ ಇದೆ, ಒಂದೇ ಕಡೆ ತಯಾರಾದ ಕರೆಂಟನ್ನು ಬೇರೆ ಬೇರೆ ಮನೆಗಳ ಬಿಲ್‌ಗೆ ಹಂಚಬಹುದು.

ಮೀಟಿಂಗ್‌ನಲ್ಲಿ ಎತ್ತುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಕಟ್ಟಡ ಹಳೆಯದಾಗಿ ರೀಡೆವಲಪ್‌ಮೆಂಟ್ ಮಾತು ನಡೀತಾ ಇದ್ದರೆ ಈ ಖರ್ಚು ಬೇಡ. ಟೆರೇಸ್ ವಾಟರ್‌ಪ್ರೂಫಿಂಗ್ ಬಾಕಿ ಇದ್ದರೆ ಅದು ಮೊದಲು ಆಗಲಿ. ಪ್ಯಾನೆಲ್ ಕೂತ ಮೇಲೆ ಸೋರಿಕೆ ಶುರುವಾದರೆ ಬಿಚ್ಚಿ ಕೂರಿಸುವ ಖರ್ಚು ಬೇರೆ, ಮೇಲಿನ ಮಹಡಿಯವರ ಜಗಳ ಬೇರೆ.

ಬಾಡಿಗೆ ಮನೆಯವರು, ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಆಗುವ ನೌಕರಿಯವರು ಇದರ ಗೋಜಿಗೆ ಹೋಗದಿರೋದೇ ಒಳ್ಳೇದು.

ಹಾಕಿಸುವ ಮೊದಲು

ಮೊದಲ ಕೆಲಸ ಫ್ಯಾನ್! ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ನಾಲ್ಕು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 65 ಯೂನಿಟ್ ಉಳಿತಾಯ. ಅರ್ಧ ಕಿಲೋವ್ಯಾಟ್ ಸೋಲಾರ್ ಕೊಡುವಷ್ಟು! ಫ್ಯಾನ್‌ಗೆ 3,000ದಂತೆ 12,000 ರೂಪಾಯಿಯಲ್ಲಿ ಮುಗಿಯುತ್ತೆ, ಬಾಡಿಗೆ ಮನೆಯವರೂ ಮಾಡಬಹುದು, ಮನೆ ಬಿಡುವಾಗ ಬಿಚ್ಚಿಕೊಂಡೂ ಹೋಗಬಹುದು. ಬಳಕೆ ಇಳಿಸಿದ ಮೇಲೆ ಬರುವ ಬಿಲ್ ನೋಡಿ ಸೋಲಾರ್ ಸೈಜ್ ನಿರ್ಧರಿಸಿ. ಮುಂದಿನ ವರ್ಷ ಎಲೆಕ್ಟ್ರಿಕ್ ಸ್ಕೂಟರ್ ಅಥವಾ ಇನ್ನೊಂದು ಎಸಿ ಬರುವುದಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಆಮೇಲೆ ಕನಿಷ್ಠ ಮೂರು ಕೊಟೇಶನ್ ತಗೊಳ್ಳಿ. ವೆಂಡರ್ ಹೆಸರು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನ ಪಟ್ಟಿಯಲ್ಲಿ ಇರಬೇಕು. ಪ್ಯಾನೆಲ್ ಮತ್ತು ಇನ್‌ವರ್ಟರ್‌ನ ಕಂಪನಿ, ಮಾಡೆಲ್, ವಾರಂಟಿ, ಸ್ಟ್ರಕ್ಚರ್‌ನ ಬಗೆ, ಅರ್ಥಿಂಗ್, ಸಿಡಿಲು ತಡೆ, ನೆಟ್ ಮೀಟರ್ ಓಡಾಟ ಯಾರ ಜವಾಬ್ದಾರಿ, 5 ವರ್ಷದ ನಿರ್ವಹಣೆಯಲ್ಲಿ ಏನೇನು ಸೇರಿದೆ, ಎಲ್ಲ ಬರಹದಲ್ಲಿ ಇರಲಿ. ಬಾಯಿ ಮಾತು ಬೇಡ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ ಅಂತ 2024ರ ಕೇಂದ್ರದ ನಿಯಮವೇ ಇದೆ, ಆ ನೆಪದಲ್ಲಿ ಯಾರಾದರೂ ತಡ ಮಾಡಿದರೆ ಕೇಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಕೊನೆಯ ಕಂತು ಮೀಟರ್ ಬದಲಾಗಿ ಕರೆಂಟ್ ಶುರುವಾದ ಮೇಲೆ ಕೊಡೋದು ಅಂತ ಮಾತಾಡಿಕೊಳ್ಳಿ.

ಹಾಕಿಸಿದ ಮೇಲೆ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಅಥವಾ ಸಂಜೆ ಬರೀ ನೀರಲ್ಲಿ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಇನ್‌ವರ್ಟರ್‌ನ ಆ್ಯಪ್‌ನಲ್ಲಿ ವಾರಕ್ಕೊಮ್ಮೆಯಾದರೂ ಯೂನಿಟ್ ನೋಡಿ. ಬಿಸಿಲಿನ ದಿನ 3 ಕಿಲೋವ್ಯಾಟ್‌ಗೆ 12ರ ಬದಲು 7 ಬರ್ತಾ ಇದ್ದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಪರಿಸರದ ಮಾತು ನಾನು ಎತ್ತಲಿಲ್ಲ. ಕಲ್ಲಿದ್ದಲು ಸುಡದ ಕರೆಂಟ್ ಒಳ್ಳೇದೇ, ಅದಕ್ಕಾಗಿ ಎರಡು ವರ್ಷ ತಡವಾಗಿ ಅಸಲು ಬಂದರೂ ಪರವಾಗಿಲ್ಲ ಅನ್ನುವವರು ಇದ್ದಾರೆ. ಅದು ಗೌರವಿಸಬೇಕಾದ ನಿರ್ಧಾರ. ಆದರೆ ಲೆಕ್ಕ ಗೊತ್ತಿದ್ದು ತಗೊಂಡ ನಿರ್ಧಾರ ಆಗಿರಲಿ.

ಈಗ ನಿಮ್ಮ ಕೆಲಸ ಇಷ್ಟು. 12 ತಿಂಗಳ ಬಿಲ್ ತೆಗೆದು ಪ್ರತಿ ತಿಂಗಳ ಯೂನಿಟ್, ಪ್ರತಿ ಸ್ಲ್ಯಾಬ್‌ನ ದರ ಒಂದು ಹಾಳೆಯಲ್ಲಿ ಬರೆಯಿರಿ. ಮೇಲಿನಿಂದ 120, 120 ಯೂನಿಟ್ ಕಳೆಯುತ್ತಾ ಬನ್ನಿ. ಎಲ್ಲಿ ಉಳಿತಾಯ ಸಣ್ಣದಾಗುತ್ತೋ ಅಲ್ಲಿಗೆ ನಿಲ್ಲಿಸಿ, ನಿಮ್ಮ ಮನೆಯ ಸೈಜ್ ಅದು. ಮೊದಲ ಸಾಲಿನಲ್ಲೇ ನಿಲ್ಲಿಸಬೇಕಾಗಿ ಬಂದರೆ ಬೇಜಾರು ಬೇಡ, ನಿಮ್ಮ ಕರೆಂಟ್ ಈಗಾಗಲೇ ಅಗ್ಗವಾಗಿದೆ ಅಂತ ತಿಳ್ಕೊಳ್ಳಿ, ನಾಲ್ಕು ಫ್ಯಾನ್ ಬದಲಿಸಿ. ಮುಂದಿನ ವಾರ ಸಿಗೋಣ.